ಮೂಕಪ್ರಾಣಿಗಳ ಆಹಾರವಿದ್ಯೆ

ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ವೆನಿಸ್ ನಗರದ ವರ್ತಕನಾದ ಮಾರ್ಕೊ ಪೋಲೊ ಎಂಬುವನು ಚೀನಾ ದೇಶದಿಂದ ಸ್ವದೇಶಕ್ಕೆ ಹಿಂದಿರುಗುತ್ತ ನಮ್ಮ ದಕ್ಷಿಣದ ತೀರದಲ್ಲಿ ಇಳಿದನು. ಆಗ ಅಲ್ಲಿ ಪಾಂಡ್ಯರು ಆಳುತ್ತಿದ್ದರು. ಆ ನಾಡಿನ ಮುತ್ತು, ಬಟ್ಟೆ, ಆಚಾರ, ವ್ಯವಹಾರ ಇವುಗಳನ್ನೆಲ್ಲ ಬಣ್ಣಿಸುವ ನಡುವೆ ಅವನು ಕುದುರೆಗಳ ವಿಷಯವಾಗಿ ಒಂದು ಸಂಗತಿಯನ್ನು ಹೇಳಿರುವನು. ಅಲ್ಲಿಯ ದೊರೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕೊಳ್ಳುವನಂತೆ. ಅವನ ತಮ್ಮಂದಿರೂ ಹಾಗೆಯೇ ಕೊಳ್ಳುವರಂತೆ. ಹೊರ್ಮುಜ್, ಏಡನ್ ಮೊದಲಾದ ರೇವುಗಳಿಂದ ಹಡಗುಗಳಲ್ಲಿ ಬಂದ ಈ ಕುದುರೆಗಳಲ್ಲಿ ವರ್ಷದ ಕೊನೆಗೆ ಉಳಿಯುವುದು ನೂರೂ ಇಲ್ಲವಂತೆ. ಕಾರಣವೇನೆಂದರೆ, ಆ ಜನರಿಗೆ ಕುದುರೆಯನ್ನು ಸಾಕುವ ಬಗೆ ತಿಳಿಯದು. ಅವುಗಳಿಗೆ ಬೇಯಿಸಿದ ಅಕ್ಕಿಯನ್ನೂ ಮಾಂಸವನ್ನೂ ತಿನ್ನಿಸುತ್ತಾರೆ. ಕುದುರೆಯ ವೈದ್ಯರು ಅಲ್ಲಿಲ್ಲ. ಇಷ್ಟು ಹೇಳಿ ಅವನು ಇನ್ನೊಂದು ಮಾತನ್ನು ಸೇರಿಸುತ್ತಾನೆ: ಕುದುರೆಯ ವರ್ತಕರು ತಮ್ಮ ಸಂಗಡ ಅಶ್ವವೈದ್ಯರನ್ನು ಕರೆತರುವುದಿಲ್ಲ, ಅಷ್ಟೇ ಅಲ್ಲ, ಅಂಥವರು ತಾವಾಗಿ ಹೋಗುವುದನ್ನೂ ತಡೆಯುತ್ತಾರೆ. ಕುದುರೆಗಳು ಸತ್ತಷ್ಟೂ ವ್ಯಾಪಾರ ಬೆಳೆಯುವುದಲ್ಲವೆ?

ದೇಶಸಂಚಾರಿಗಳ ಲೆಕ್ಕವನ್ನು ಅಕ್ಷರಶಃ ನಂಬುವುದು ಯುಕ್ತವಲ್ಲ. ನಮ್ಮ ಕರಾವಳಿಯ ತೇವವೂ ನೊಣಗಳಿಂದ ಹರಡುವ ಸರ್ರಾ ಮೊದಲಾದ ರೋಗಗಳೂ ಮರಳುನಾಡಿನ ಕುದುರೆಗಳನ್ನು ಎಷ್ಟೋ ಕೊಂದಿರಬೇಕು. ಸರ್ರಾ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗ್ರಿಫಿತ್ ಇವಾನ್ಸ್ ಎಂಬ ಸೈನ್ಯದ ಪಶುವೈದ್ಯನು ವಾಯವ್ಯ ಗಡಿಯಲ್ಲಿ ಕಂಡುಹಿಡಿದದ್ದು 1880ರಲ್ಲಿ. ಅದನ್ನು ಆರುನೂರು ವರ್ಷಗಳ ಹಿಂದಿನ ವರ್ತಕನು ತಿಳಿದಿರಲು ಸಾಧ್ಯವಿಲ್ಲ. ಆದರೂ ಅವನು ಆಹಾರದ ಮೇಲೆ ಹೊರಿಸಿದ ಅಪವಾದ ಪೂರ್ತಿ ಸುಳ್ಳಲ್ಲ. ಕುದುರೆಯ ಜಠರ ಅದರ ದೇಹಕ್ಕೆ ಹೋಲಿಸಿದರೆ ಬಹು ಚಿಕ್ಕದು. ತಿಂದುದನ್ನು ಕಕ್ಕುವ ಶಕ್ತಿಯೂ ಅದಕ್ಕಿಲ್ಲ. ದಿನವೆಲ್ಲ ಸ್ವಲ್ಪ ಸ್ವಲ್ಪವಾಗಿ ಹುಲ್ಲನ್ನು ಮೇಯುವುದಕ್ಕಾಗಿ ಹುಟ್ಟಿದ ಆ ಪ್ರಾಣಿಗೆ ಒಮ್ಮೆಗೇ ಅನ್ನದ ರಾಶಿಯನ್ನು ತಿನ್ನಿಸಿದರೆ ಹೊಟ್ಟೆಶೂಲೆ ಹಿಡಿಯುವುದು, ಗೊರಸುಗಳು ಬೇನೆಗೊಂಡು ನಿಲ್ಲಲಾರದೆ ಹೋಗುವುದು, ಇವು ಈಗಲೂ ಕುದುರೆಯ ಲಾಯಗಳಲ್ಲಿ ಕಾಣುವ ಸಂಗತಿಗಳೇ.

ನನಗೆ ಈ ಕಥೆಯಲ್ಲಿ ಮುಖ್ಯವಾಗಿ ತೋರುವುದು ಅಕ್ಕಿಯೂ ಅಲ್ಲ, ಮಾಂಸವೂ ಅಲ್ಲ. ಪ್ರಾಣಿಗೆ ಏನನ್ನು ತಿನ್ನಿಸಬೇಕೆಂಬುದು ದಯೆಯಿಂದ ತಾನಾಗಿ ತಿಳಿದುಬರುವ ವಿಷಯವಲ್ಲ, ಒಬ್ಬರು ಇನ್ನೊಬ್ಬರಿಗೆ ಕಲಿಸಬೇಕಾದ ವಿದ್ಯೆ ಎಂಬುದನ್ನು ಆ ವರ್ತಕರು ಚೆನ್ನಾಗಿ ಅರಿತಿದ್ದರು, ಅರಿತೇ ಮುಚ್ಚಿಟ್ಟರು. ಈ ವಿದ್ಯೆ ಹೇಗೆ ಬೆಳೆಯಿತು, ಅದನ್ನು ಕಲಿಯುವಲ್ಲಿ ಮನುಷ್ಯನು ಎಲ್ಲೆಲ್ಲಿ ಎಡವಿದನು ಎಂಬುದನ್ನು ಈ ಹೊತ್ತು ಸ್ವಲ್ಪ ವಿವರಿಸಬೇಕೆಂದಿರುವೆನು.

ನಮ್ಮ ದೇಶದಲ್ಲಿ ಇದರ ಅತಿ ಪ್ರಾಚೀನವಾದ ಕ್ರಮಬದ್ಧ ಲೆಕ್ಕ ಕಾಣುವುದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ. ಬಹುಕಾಲ ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿದವರು ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಆರ್. ಶಾಮಶಾಸ್ತ್ರಿಗಳೆಂಬುದು ನಮಗೆ ಹೆಮ್ಮೆಯ ವಿಷಯ. ರಾಜನೀತಿಯ ಗ್ರಂಥವೆಂದು ಅದನ್ನು ಓದುವವರು ಗೋಧ್ಯಕ್ಷ, ಅಶ್ವಾಧ್ಯಕ್ಷ, ಹಸ್ತ್ಯಧ್ಯಕ್ಷ ಇವರ ಪ್ರಕರಣಗಳನ್ನು ಸಾಮಾನ್ಯವಾಗಿ ದಾಟಿಬಿಡುವರು. ಅಲ್ಲಿ ನಿಂತು ನೋಡಿದರೆ ಆಶ್ಚರ್ಯವಾಗುವುದು. ಬಂಡಿ ಎಳೆಯುವ ಎತ್ತಿಗೆ ಅರ್ಧ ಭಾರ ಎಳೆಹುಲ್ಲು, ಅದರ ಇಮ್ಮಡಿ ಸಾಮಾನ್ಯ ಹುಲ್ಲು, ಒಂದು ತುಲಾ ಹಿಂಡಿ, ಹತ್ತು ಆಢಕ ನುಚ್ಚು ತೌಡು, ಐದು ಪಲ ಉಪ್ಪು, ಹೀಗೆ ಪಡಿಯನ್ನು ಕಟ್ಟಿ, ಹೇಸರಕತ್ತೆ, ಹಸು, ಕತ್ತೆಗಳಿಗೆ ಇದರಲ್ಲಿ ಕಾಲು ಭಾಗ ಕಡಮೆ ಎಂದೂ, ಎಮ್ಮೆ ಒಂಟೆಗಳಿಗೆ ಎರಡರಷ್ಟು ಎಂದೂ ವಿಧಿಸಿದೆ. ಆನೆಯ ಪಡಿಗೆ ಅದರ ಎತ್ತರವನ್ನು ಅಳೆಯಬೇಕು. ಈದ ಕುದುರೆಗೆ ಮೂರು ದಿನ ತುಪ್ಪ, ತರುವಾಯ ಹತ್ತು ದಿನ ಹಿಟ್ಟು ಮತ್ತು ಎಣ್ಣೆ, ಆಮೇಲೆ ಬೆಂದ ಕಾಳು, ಹುಲ್ಲು. ಅದರ ಮರಿಗೂ ಪ್ರತ್ಯೇಕವಾದ ಪಡಿ. ವೈದ್ಯನ ಅಲಕ್ಷ್ಯದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಗೆ ತಗುಲಿದ ವೆಚ್ಚದ ಎರಡರಷ್ಟು ದಂಡ. ಕುದುರೆಗೆ ಮಾಂಸವೂ ಈ ಪಟ್ಟಿಯಲ್ಲಿ ಇದೆ. ಆದುದರಿಂದ ಪೋಲೊ ನೋಡಿ ಬೆರಗಾದ ಪದ್ಧತಿ ನಮ್ಮಲ್ಲಿ ಹೊಸತಾಗಿರಲಿಲ್ಲ. ಪಟ್ಟಿಯಲ್ಲಿ ಹುಲ್ಲೂ ಕಾಳೂ ಮಾಂಸವೂ ತೂಕ ತಪ್ಪದೆ ಕೂಡಿದ್ದುವು ಎಂಬುದೇ ವ್ಯತ್ಯಾಸ. ಪಟ್ಟಿ ಮರೆತುಹೋಗಿ ಪದ್ಧತಿ ಮಾತ್ರ ಉಳಿದರೆ ಏನಾಗುವುದೋ ಅದನ್ನೇ ಅವನು ಕಂಡಿರಬಹುದೆಂದು ನನ್ನ ಊಹೆ.

ಕನ್ನಡದಲ್ಲಿಯೂ ಈ ಸಾಹಿತ್ಯಕ್ಕೆ ಕೊರತೆಯಿಲ್ಲ. ಚಾವುಂಡರಾಯನ ಲೋಕೋಪಕಾರದಲ್ಲಿ ಕೃಷಿಯೊಡನೆ ಪಶುಚಿಕಿತ್ಸೆಯೂ ಸೇರಿದೆ. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಗೋವೈದ್ಯವನ್ನು ರಚಿಸಿದನು. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿದೆ ಎಂಬುದನ್ನು ಮರೆಮಾಚಬೇಕಾದುದಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನ ಸಂಸ್ಕೃತ ಮಾನಸೋಲ್ಲಾಸದಲ್ಲಿ ಆನೆ ಕುದುರೆಗಳ ವಿಚಾರ ವಿಸ್ತಾರವಾಗಿದೆ. ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಆದರೆ ಗ್ರಂಥಗಳಿಗಿಂತ ಹೆಚ್ಚಿನ ವಿದ್ಯೆ ನಮ್ಮಲ್ಲಿ ಗೊಲ್ಲರ, ಕುರುಬರ, ಮಾವುತರ, ರಾವುತರ ಬಾಯಲ್ಲಿ ಇದ್ದಿತು. ಉತ್ತರದೇಶದಲ್ಲಿ ಕುದುರೆಗೆ ಕಡಲೆ. ನಮ್ಮಲ್ಲಿ ಹುರುಳಿ, ಅದೂ ಬೇಯಿಸಿ ಆರಿಸಿದುದು. ಇಂಗ್ಲಿಷರು ಆ ಕಾಳಿಗೆ ಕುದುರೆಯ ಹೆಸರನ್ನೇ ಕೊಟ್ಟುಬಿಟ್ಟರು. ಹಸಿಯ ಹುರುಳಿಯನ್ನು ಕುದುರೆಯ ಹೊಟ್ಟೆ ಸುಲಭವಾಗಿ ಅರಗಿಸಲಾರದು. ಅದರಲ್ಲಿರುವ ಕೆಲವು ದ್ರವ್ಯಗಳು ಜೀರ್ಣಕ್ಕೆ ಅಡ್ಡಬರುವುವು, ಬೆಂದಾಗ ಅವು ನಾಶವಾಗುವುವು ಎಂದು ರಸಾಯನಶಾಸ್ತ್ರಜ್ಞರು ಹೇಳಿದ್ದು ತೀರ ಈಚೆಗೆ. ಲಾಯದವನು ಅದನ್ನು ಕಾರಣ ತಿಳಿಯದೆಯೇ ಮಾಡುತ್ತಿದ್ದನು.

ಮೈಸೂರಿನ ಅಮೃತಮಹಲನ್ನು ಇಲ್ಲಿ ನೆನೆಯದಿದ್ದರೆ ಅಪಚಾರವಾದೀತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪೂ ಸುಲ್ತಾನನ ಕಾಲದಲ್ಲಿ ಈ ಹೆಸರನ್ನು ಪಡೆಯಿತು. ಅದರ ಕಾವಲುಗಳಲ್ಲಿ ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂಬ ವಿಂಗಡಣೆ ಇದ್ದಿತು. ಹುಲ್ಲು ಯಾವ ಋತುವಿನಲ್ಲಿ ಎಲ್ಲಿ ಸತ್ತ್ವವುಳ್ಳದ್ದಾಗಿರುವುದೋ ಅಲ್ಲಿಗೆ ಹಿಂಡು ನಡೆಯಬೇಕು. ಹುಲ್ಲನ್ನು ದನದ ಬಳಿಗೆ ತರುವ ಬದಲು ದನವನ್ನು ಹುಲ್ಲಿನ ಬಳಿಗೆ ನಡೆಸುವ ಈ ಪದ್ಧತಿಯಲ್ಲಿ ಬೆಳೆದ ಎತ್ತುಗಳು ಫಿರಂಗಿಗಳನ್ನು ಎಳೆದು ಹೆಸರುವಾಸಿಯಾದುವು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷ್ ಸೈನ್ಯ ಅವುಗಳನ್ನು ವಶಪಡಿಸಿಕೊಂಡಿತು. ಆದರೆ ಕಾವಲುಗಳನ್ನು ನಡೆಸುವ ಜ್ಞಾನ ಗೊಲ್ಲರಲ್ಲಿಯೇ ಇದ್ದಿತೆಂಬುದನ್ನು ಹೊಸ ಅಧಿಕಾರಿಗಳು ಕಲಿತುಕೊಳ್ಳುವುದಕ್ಕೆ ಕೆಲವು ಕಾಲ ಹಿಡಿಯಿತು.

ಇಷ್ಟು ಜ್ಞಾನವಿದ್ದೂ ಅದರಲ್ಲಿ ಒಂದು ಕೊರತೆ ಇದ್ದಿತು. ಇಂಥ ಪ್ರಾಣಿಗೆ ಇಂಥದು ಎಂಬುದು ಗೊತ್ತು; ಏಕೆ ಎಂಬುದು ಗೊತ್ತಿಲ್ಲ. ಏಕೆ ಎಂಬುದು ತಿಳಿಯದಿದ್ದರೆ ಹೊಸ ಊರಿನಲ್ಲಿ ಹೊಸ ಮೇವು ಎದುರಾದಾಗ ಹಳೆಯ ಅನುಭವ ದಾರಿ ತೋರಲಾರದು. ಯೂರೋಪಿನವರು ಈ ಪ್ರಶ್ನೆಗೆ ಕೈಹಾಕಿದರು. ಆದರೆ ಅವರೂ ಅದಕ್ಕೆ ಸುತ್ತುದಾರಿಯಿಂದ ಬಂದರು. ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲೋದ್ ಬೂರ್ಜೆಲಾ ಎಂಬುವನು 1762ರಲ್ಲಿ ಮೊದಲ ಪಶುವೈದ್ಯ ಶಾಲೆಯನ್ನು ತೆರೆದನು. ದನಗಳ ದೊಡ್ಡರೋಗದ ಹಾವಳಿಯೇ ಶಾಲೆಯ ಸ್ಥಾಪನೆಗೆ ಮುಖ್ಯ ಕಾರಣ; ಆದರೆ ಸ್ಥಾಪಕನು ಕುದುರೆ ಸವಾರಿಯ ಆಚಾರ್ಯ. 1791ರಲ್ಲಿ ಲಂಡನ್ನಿನಲ್ಲಿ ಕಾಲೇಜು ಪ್ರಾರಂಭವಾಯಿತು. ಅಲ್ಲಿಯೂ ಕುದುರೆಯೇ ಪ್ರಧಾನ. ಬಹುಕಾಲದ ವರೆಗೆ ಪಶುವೈದ್ಯನೆಂದರೆ ಕುದುರೆಯ ವೈದ್ಯ. ಹಸು, ಕುರಿ, ಹಂದಿ, ಕೋಳಿ ಇವೆಲ್ಲ ಕುದುರೆಯ ಅನುಬಂಧಗಳು. ನಮ್ಮ ದೇಶದಲ್ಲಿ ಲಾಹೋರು (1882), ಮುಂಬಯಿ (1886), ಬಂಗಾಳ (1893), ಮದರಾಸು (1903) ಇಲ್ಲಿ ಕಾಲೇಜುಗಳು ಹುಟ್ಟಿದಾಗಲೂ ಸೈನ್ಯದ ಕುದುರೆ ಮತ್ತು ಸಾಂಕ್ರಾಮಿಕ ರೋಗಗಳಿಗೆ ಮೊದಲ ಮಣೆ ದೊರೆಯಿತು. ಮೇವಿನ ಪಾಠಕ್ಕೆ ಮೂಲೆಯ ಸ್ಥಾನ.

ಈ ಹಿನ್ನೆಲೆಯಲ್ಲಿ, ಹಸು ಕುದುರೆಯಲ್ಲವೆಂಬ ಸಣ್ಣ ಮಾತು ಎಷ್ಟು ದೊಡ್ಡ ಮಾತೆಂಬುದನ್ನು ನೋಡಿರಿ. ಹಸುವಿನ ಹೊಟ್ಟೆಗೆ ನಾಲ್ಕು ಅಂಕಣಗಳು. ಮೊದಲನೆಯದು ಒಂದು ದೊಡ್ಡ ಹುಳಿಯುವ ಹಂಡೆ. ಅದರಲ್ಲಿ ಕಣ್ಣಿಗೆ ಕಾಣದ ಕೋಟ್ಯನುಕೋಟಿ ಜೀವಿಗಳಿರುವುವು. 1843ರಲ್ಲಿಯೇ ಗ್ರೂಬಿ ಮತ್ತು ಡೆಲಾಫಾಂ ಎಂಬಿಬ್ಬರು ಪ್ಯಾರಿಸಿನಲ್ಲಿ ಸೂಕ್ಷ್ಮದರ್ಶಕದ ಮೂಲಕ ಅವುಗಳನ್ನು ಕಂಡಿದ್ದರು. ನಾವು ಹಸುವಿಗೆ ಹುಲ್ಲು ಹಾಕಿದೆವೆಂದು ಭಾವಿಸುವೆವು. ವಾಸ್ತವವಾಗಿ ಹಾಕಿದ್ದು ಆ ಜೀವಿಗಳಿಗೆ. ಅವು ಹುಲ್ಲಿನ ನಾರನ್ನು ಹುಳಿಸಿ ಕರಗಿಸಿ ಹಸುವಿಗೆ ಉಣಬಡಿಸುವುವು. ಕಡೆಗೆ ತಾವೂ ಜೀರ್ಣವಾಗಿ ಅದಕ್ಕೆ ಮಾಂಸಸಾರವಾಗುವುವು. ಕುದುರೆಯಲ್ಲಿಯೂ ಇಂಥ ಹಂಡೆ ಉಂಟು. ಆದರೆ ಅದು ಕರುಳಿನ ಕೊನೆಯಲ್ಲಿ ಇದೆ. ಆದುದರಿಂದ ಕುದುರೆಗೆ ಆ ಜೀವಿಗಳ ಪ್ರಯೋಜನ ಅರೆಪಾಲು ಮಾತ್ರ. ನಾಯಿ ಬೆಕ್ಕುಗಳಲ್ಲಿ ಅಂಥ ಹಂಡೆ ಇಲ್ಲವೆಂದೇ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತರು ಈ ಒಳಗಿನ ಭೇದಗಳನ್ನು ಬದಿಗಿಟ್ಟು ಮೇವನ್ನೇ ಪರೀಕ್ಷೆಮಾಡಿದರು. ಹೆನ್ನೆಬರ್ಗ್ ಮತ್ತು ಸ್ಟೋಮನ್ ಇವರು 1860ರ ಸುಮಾರಿನಲ್ಲಿ ಗಟ್ಟಿಂಗನ್ ಬಳಿಯ ವೆಂಡೆ ಎಂಬಲ್ಲಿ ಮೇವನ್ನು ನೀರು, ಬೂದಿ, ಸಾರಜನಕ ದ್ರವ್ಯ, ಕೊಬ್ಬು, ನಾರು, ಉಳಿದ ಪಿಷ್ಟ ಎಂದು ವಿಂಗಡಿಸುವ ಕ್ರಮವನ್ನು ಏರ್ಪಡಿಸಿದರು. ಅಂಗಡಿಯಲ್ಲಿ ಕೊಳ್ಳುವ ಹಿಂಡಿಯ ಚೀಲದ ಮೇಲೆ ಈಗಲೂ ಅಚ್ಚಾಗಿರುವ ಅಂಕಿಗಳು ಹೆಚ್ಚಾಗಿ ಆ ಕ್ರಮದ ಸಂತತಿಯೇ. ಟೋಕಿಯೋವಿನಲ್ಲಿಯೂ ಕೆಲವು ವರ್ಷ ಅಧ್ಯಾಪಕನಾಗಿದ್ದ ಆಸ್ಕರ್ ಕೆಲ್ನರ್ 1905ರಲ್ಲಿ ಪ್ರತಿಯೊಂದು ಮೇವನ್ನೂ ಪಿಷ್ಟದ ತೂಕಕ್ಕೆ ಸಮಮಾಡಿ ಲೆಕ್ಕಹಾಕಿದನು. ಅಂಕಿಗಳು ಕೂಡಿಬಂದರೆ ಪ್ರಾಣಿ ಬದುಕುವುದೆಂಬ ಧೈರ್ಯ ಆಗಿನ ವಿದ್ವಾಂಸರಿಗೆ ಇದ್ದಿತು.

ಆ ಧೈರ್ಯವನ್ನು ಮುರಿದದ್ದು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಹದಿನಾರು ಕಡಸುಗಳು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಸ್ಟೀಫನ್ ಬ್ಯಾಬ್ಕಾಕ್ ಎಂಬ ಹಾಸ್ಯಪ್ರಿಯನಾದ ವೃದ್ಧ ರಸಾಯನಜ್ಞನಿದ್ದನು. ಅಂಕಿಗಳೇ ಆಹಾರವಾದರೆ ಕಲ್ಲಿದ್ದಲನ್ನು ಹಂದಿಗೆ ತಿನ್ನಿಸಬಹುದಲ್ಲ ಎಂದು ಅವನು ಸಹೋದ್ಯೋಗಿಗಳನ್ನು ಕೆಣಕುತ್ತಿದ್ದನೆಂದು ಹೇಳುವರು. 1907ರಲ್ಲಿ ಅವನ ಪ್ರೇರಣೆಯಿಂದ ಹಾರ್ಟ್, ಮ್ಯಾಕಾಲಮ್ ಮುಂತಾದವರು ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಮುಸುಕಿನ ಜೋಳದ ಗಿಡ ಮತ್ತು ಕಾಳು ಮಾತ್ರ. ಒಂದಕ್ಕೆ ಗೋಧಿ ಮಾತ್ರ. ಒಂದಕ್ಕೆ ಓಟ್ಸ್ ಮಾತ್ರ. ನಾಲ್ಕನೆಯದಕ್ಕೆ ಮೂರರ ಬೆರಕೆ. ಜರ್ಮನ್ ಪಟ್ಟಿಯ ಪ್ರಕಾರ ನಾಲ್ಕೂ ಒಂದೇ. ಮೊದಲ ವರ್ಷ ಹೆಚ್ಚಿನ ಭೇದ ಕಾಣಲಿಲ್ಲ. ಕರು ಹಾಕುವ ಕಾಲ ಬಂದಾಗ ಜೋಳ ತಿಂದ ಹಸುಗಳು ಗಟ್ಟಿಮುಟ್ಟಾದ ಕರುಗಳನ್ನು ಈದುವು. ಗೋಧಿ ತಿಂದುವುಗಳ ಕರುಗಳು ದಿನ ತುಂಬುವ ಮುನ್ನವೇ ಹುಟ್ಟಿ ಸತ್ತುವು. 1911ರಲ್ಲಿ ಪ್ರಕಟವಾದ ಈ ಫಲ ಪಟ್ಟಿಯಲ್ಲಿ ಕಾಣದ ಏನೋ ಒಂದು ಆಹಾರದಲ್ಲಿದೆಯೆಂಬುದನ್ನು ಜಗತ್ತಿಗೆ ಸಾರಿತು. ಹಳದಿ ಜೋಳದಲ್ಲಿ ಎ ಜೀವಸತ್ತ್ವದ ಮೂಲದ್ರವ್ಯವಿದೆಯೆಂದೂ, ಗೋಧಿಯಲ್ಲಿ ಅದೂ ಸುಣ್ಣವೂ ಕಡಮೆಯೆಂದೂ ಅನಂತರ ಗೊತ್ತಾಯಿತು. ಹಸುಗಳು ನಿಧಾನ, ಖರ್ಚು ಬಹಳ ಎಂದು ಮ್ಯಾಕಾಲಮ್ ಇಲಿಗಳನ್ನು ಸಾಕತೊಡಗಿದನು. ಕುದುರೆ ಲಾಯದಲ್ಲಿ ಹಿಡಿದ ಇಲಿಗಳು ಕಚ್ಚಲು ಬಂದುದರಿಂದ ಶಿಕಾಗೋವಿನ ಒಬ್ಬ ವ್ಯಾಪಾರಿಯಿಂದ ಹನ್ನೆರಡು ಬಿಳಿಯ ಇಲಿಗಳನ್ನು ಕೊಂಡುತಂದನು. ಪಿಡುಗೆಂದು ಕೊಲ್ಲಬೇಕಾದ ಇಲಿಗೆ ಸರಕಾರದ ಹಣದಲ್ಲಿ ಅನ್ನವೇ ಎಂದು ಆಕ್ಷೇಪಿಸಿದವರೂ ಇದ್ದರು.

ಇದಕ್ಕೂ ಮೊದಲು ಜಾವಾ ದ್ವೀಪದಲ್ಲಿ ಕೋಳಿಗಳು ಒಂದು ಪಾಠವನ್ನು ಹೇಳಿದ್ದುವು. 1890ರ ಸುಮಾರಿನಲ್ಲಿ ಡಚ್ ವೈದ್ಯನಾದ ಐಕ್ಮನ್ ಬೆರಿಬೆರಿ ರೋಗದ ಕ್ರಿಮಿಯನ್ನು ಹುಡುಕುತ್ತಿದ್ದನು. ಪ್ರಯೋಗಶಾಲೆಯ ಕೋಳಿಗಳು ಕಾಲು ಸೋತು ಬಿದ್ದುವು. ಕೆಲವು ತಿಂಗಳ ಮೇಲೆ ಇದ್ದಕ್ಕಿದ್ದ ಹಾಗೆ ವಾಸಿಯಾದುವು. ವಿಚಾರಿಸಿದಾಗ ಗೊತ್ತಾದದ್ದಿಷ್ಟು: ಆಳು ಸೈನ್ಯದ ಆಸ್ಪತ್ರೆಯ ಅಡುಗೆಮನೆಯಿಂದ ಉಳಿದ ಬಿಳಿಯ ಅನ್ನವನ್ನು ತಂದು ಕೋಳಿಗಳಿಗೆ ಹಾಕುತ್ತಿದ್ದನು, ಹೊಸದಾಗಿ ಬಂದ ಅಡುಗೆಯವನು ಸೈನ್ಯದ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೆ ಸಲ್ಲದೆಂದು ನಿಲ್ಲಿಸಿಬಿಟ್ಟನು, ಆಮೇಲೆ ಕೋಳಿಗಳಿಗೆ ತೌಡು ಹೋಗದ ಅಕ್ಕಿ ದೊರೆಯಿತು. ಆ ಅಡುಗೆಯವನ ಜಿಪುಣತನಕ್ಕೆ ವೈದ್ಯಶಾಸ್ತ್ರ ಋಣಿಯಾಗಿದೆ. 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಹುಮಾನ ದೊರಕಿತು.

ಇಲ್ಲಿಂದ ಮುಂದಿನ ಕಥೆ ಇನ್ನೂ ಸ್ವಾರಸ್ಯವಾದುದು. ಕೋಳಿಗೆ ಬಂದ ರೋಗವನ್ನು ಮೊಲೆಯುಣಿಸುವ ಪ್ರಾಣಿಯೊಂದರಲ್ಲಿ ಉಂಟುಮಾಡಬೇಕೆಂದು ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ 1907ರಲ್ಲಿ ಗಿನಿಪಿಗ್ ಎಂಬ ಚಿಕ್ಕ ಪ್ರಾಣಿಗಳಿಗೆ ಬರಿಯ ಧಾನ್ಯವನ್ನು ತಿನ್ನಿಸಿದರು. ಬೆರಿಬೆರಿ ಬರಲಿಲ್ಲ, ವಸಡು ಊದಿ ರಕ್ತ ಸುರಿಯುವ ಸ್ಕರ್ವಿ ಬಂದಿತು. ಇಲಿಯನ್ನೋ ನಾಯಿಯನ್ನೋ ಆರಿಸಿದ್ದರೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಏಕೆಂದರೆ ಆ ಪ್ರಾಣಿಗಳು ಸಿ ಜೀವಸತ್ತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲುವು. ಗಿನಿಪಿಗ್‌ಗೂ ಮನುಷ್ಯನಿಗೂ ಆ ಶಕ್ತಿ ಇಲ್ಲ. ಒಂದೇ ಬಟ್ಟಲಿನ ಧಾನ್ಯ ಒಂದು ಪ್ರಾಣಿಗೆ ಊಟ, ಇನ್ನೊಂದಕ್ಕೆ ರೋಗ.

ಆಸ್ಟ್ರೇಲಿಯ ಮತ್ತು ನ್ಯೂಜೀಲೆಂಡ್ ದೇಶಗಳಲ್ಲಿ ಇನ್ನೊಂದು ಒಗಟು ಇದ್ದಿತು. ಮೊಣಕಾಲೆತ್ತರದ ಹಸುರು ಹುಲ್ಲಿನ ನಡುವೆ ಕುರಿಗಳೂ ದನಗಳೂ ಹಸಿವೆಯಿಂದೆಂಬಂತೆ ಬಡಕಲಾಗಿ ಸಾಯುತ್ತಿದ್ದುವು. ಅದೇ ಹುಲ್ಲುಗಾವಲಿನಲ್ಲಿ ಮೇದ ಕುದುರೆಗಳು ಮಿರಮಿರನೆ ಮಿಂಚುತ್ತಿದ್ದುವು. ಕಬ್ಬಿಣದ ಕೊರತೆಯೆಂದು ಊಹಿಸಿ ಅದಿರಿನ ಪುಡಿಯನ್ನು ತಿನ್ನಿಸಿದರೆ ಕೆಲವು ವಾಸಿಯಾದುವು, ಕೆಲವು ಆಗಲಿಲ್ಲ. 1935ರಲ್ಲಿ ಅಂಡರ್‌ವುಡ್ ಮತ್ತು ಫಿಲ್ಮರ್ ಒಂದು ಕಡೆ, ಮಾರ್ಸ್ಟನ್ ಮತ್ತು ಲೈನ್ಸ್ ಇನ್ನೊಂದು ಕಡೆ, ಗುಣ ಕೊಡುತ್ತಿದ್ದುದು ಕಬ್ಬಿಣವಲ್ಲ, ಅದರಲ್ಲಿ ಕಸದಂತೆ ಬೆರೆತಿದ್ದ ಕೋಬಾಲ್ಟ್ ಎಂದು ತೋರಿಸಿದರು. ದಿನಕ್ಕೆ ಒಂದು ಮಿಲಿಗ್ರಾಮಿಗೂ ಕಡಮೆ ಸಾಕು. ಅದಿಲ್ಲದೆ ಸಾವಿರಾರು ಎಕರೆ ನೆಲ ನಿರುಪಯುಕ್ತವಾಗಿತ್ತು. 1948ರಲ್ಲಿ ಬೇರ್ಪಡಿಸಿದ ಬಿ 12 ಜೀವಸತ್ತ್ವದ ನಡುವೆ ಕೋಬಾಲ್ಟ್ ಕುಳಿತಿರುವುದು ಕಂಡಾಗ ಒಗಟು ಬಿಡಿಸಿತು. ಮೆಲುಕು ಹಾಕುವ ಪ್ರಾಣಿಯ ಹಂಡೆಯೊಳಗಿನ ಜೀವಿಗಳು ಕೋಬಾಲ್ಟಿನಿಂದ ಆ ಸತ್ತ್ವವನ್ನು ಮಾಡಿಕೊಡಬೇಕು. ಕುರಿಯ ಶಕ್ತಿಯುತ್ಪಾದನೆಯೆಲ್ಲ ಅದನ್ನೇ ನಂಬಿದೆ. ಕುದುರೆಗೆ ಬೇಕಾದುದು ಅಷ್ಟಿಲ್ಲ.

ಬೆಕ್ಕಿನ ಪಾಠವನ್ನು ಕಲಿಯುವುದು ಮಾತ್ರ ಬಹಳ ತಡವಾಯಿತು. ಬೆಕ್ಕೆಂದರೆ ಚಿಕ್ಕ ನಾಯಿ ಎಂಬ ಭಾವನೆ ವೈದ್ಯರಲ್ಲಿಯೂ ಇದ್ದಿತು. ಟಾರಿನ್ ಎಂಬ ದ್ರವ್ಯವನ್ನು ನಾಯಿ ಸಾಧಾರಣವಾಗಿ ತನ್ನ ದೇಹದಲ್ಲಿ ಮಾಡಿಕೊಳ್ಳುವುದು. ಬೆಕ್ಕು ಸಾಕಷ್ಟು ಮಾಡಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಗಜ್ಜರಿಯ ಹಳದಿ ದ್ರವ್ಯವನ್ನು ಎ ಜೀವಸತ್ತ್ವವಾಗಿ ಮಾರ್ಪಡಿಸುವ ಶಕ್ತಿಯೂ ಅದಕ್ಕಿಲ್ಲ. ಟಾರಿನ್ ಕೊರತೆಯಿಂದ ಬೆಕ್ಕಿನ ಕಣ್ಣು ಹೋಗುವುದೆಂದು 1975ರಲ್ಲಿ ತಿಳಿಯಿತು. ಹನ್ನೆರಡು ವರ್ಷಗಳ ಮೇಲೆ, 1987ರಲ್ಲಿ, ಕ್ಯಾಲಿಫೋರ್ನಿಯಾದ ಪಶುವೈದ್ಯರು ಡಬ್ಬಿಯ ಆಹಾರವನ್ನು ತಿನ್ನುತ್ತಿದ್ದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುವುದಕ್ಕೂ ಅದೇ ಕಾರಣವೆಂದು ಕಂಡರು. ಟಾರಿನ್ ಕೊಟ್ಟೊಡನೆ ಸಾಯುವ ಸ್ಥಿತಿಯ ಬೆಕ್ಕುಗಳು ಚೇತರಿಸಿಕೊಂಡುವು. ಮನೆಯಲ್ಲಿ ಸಾತ್ತ್ವಿಕ ಆಹಾರದ ನಿಯಮವಿಟ್ಟುಕೊಂಡು ಬೆಕ್ಕಿಗೂ ಮೊಸರನ್ನವನ್ನೇ ಗೊತ್ತುಮಾಡಿರುವ ಗೃಹಸ್ಥರು ನಮ್ಮ ಪಟ್ಟಣಗಳಲ್ಲಿ ಅನೇಕರಿರುವರು. ಅವರ ಧರ್ಮವನ್ನು ನಾನು ಆಕ್ಷೇಪಿಸಲಾರೆ. ಅಂಥ ಮನೆಯ ಬೆಕ್ಕು ಬದುಕಿದ್ದರೆ ಅದಕ್ಕೆ ಹಿತ್ತಲಿನ ಇಲಿಗಳು ಕಾರಣವೆಂಬುದನ್ನು ಮಾತ್ರ ಹೇಳಬೇಕಾಗಿದೆ.

ಒಂದು ಪ್ರಾಣಿಯ ಮೇವನ್ನು ಇನ್ನೊಂದಕ್ಕೆ ಕೊಡುವ ತಪ್ಪು ಶಾಸ್ತ್ರ ಬೆಳೆದಂತೆ ಕಡಮೆಯಾಗಬೇಕಾಗಿತ್ತು. ಕಾರ್ಖಾನೆಗಳು ಬಂದ ಮೇಲೆ ಅದು ಬೇರೆ ರೂಪವನ್ನು ತಾಳಿತು. ಕೋಳಿಯ ಮತ್ತು ದನದ ಮೇವಿಗೆ ಬೆರೆಸುವ ಮಾನೆನ್ಸಿನ್ ಎಂಬ ಮದ್ದು ಅವುಗಳಿಗೆ ಉಪಕಾರಿ. ದನ ತಾಳಿಕೊಳ್ಳುವ ಪ್ರಮಾಣದ ಹತ್ತರಲ್ಲೊಂದು ಪಾಲು ಕುದುರೆಯ ಹೃದಯವನ್ನು ನಿಲ್ಲಿಸಬಲ್ಲದು. ದನಕ್ಕೆಂದು ತಾಮ್ರ ಬೆರೆಸಿದ ಮೇವನ್ನು ಕುರಿಗೆ ಹಾಕಿದರೆ ಅದು ಯಕೃತ್ತಿನಲ್ಲಿ ಕೂಡಿಕೂಡಿ ಒಂದು ದಿನ ಇದ್ದಕ್ಕಿದ್ದಂತೆ ಕೊಲ್ಲುವುದು. ಬ್ರಿಟನ್ನಿನಲ್ಲಿ ಹುಲ್ಲು ತಿನ್ನುವ ಹಸುಗಳಿಗೆ ಸತ್ತ ದನ ಕುರಿಗಳ ಮಾಂಸ ಮೂಳೆಗಳ ಹಿಟ್ಟನ್ನು ತಿನ್ನಿಸಿದರು. ಸಾರಜನಕದ ಅಂಕಿಯನ್ನು ನೋಡಿದರೆ ಅದು ಅಗ್ಗವಾದ ಒಳ್ಳೆಯ ಮೇವು. 1986ರಲ್ಲಿ ಹಸುಗಳ ಮಿದುಳು ಜಾಲರಿಯಂತಾಗುವ ಹೊಸ ರೋಗ ಗೊತ್ತಾಯಿತು. 1988ರಲ್ಲಿ ಅಂಥ ಮೇವನ್ನು ನಿಷೇಧಿಸಿದರು. 1996ರಲ್ಲಿ ಮನುಷ್ಯರಿಗೂ ಅದು ತಗುಲಿದೆಯೆಂದು ಆ ಸರಕಾರ ಒಪ್ಪಿಕೊಳ್ಳಬೇಕಾಯಿತು. ಬ್ಯಾಬ್ಕಾಕನ ಕಲ್ಲಿದ್ದಲಿನ ಹಾಸ್ಯ ಎಂಬತ್ತು ವರ್ಷಗಳ ಮೇಲೆ ಹಾಸ್ಯವಾಗಿ ಉಳಿಯಲಿಲ್ಲ.

ನಮ್ಮ ಬೆಂಗಳೂರಿಗೂ ಈ ವಿದ್ಯೆಯ ಚರಿತ್ರೆಯಲ್ಲಿ ಸ್ಥಾನವುಂಟು. 1923ರಲ್ಲಿ ಆಡುಗೋಡಿಯಲ್ಲಿ ಪಶುಸಂಗೋಪನೆ ಮತ್ತು ಹೈನದ ಇಂಪೀರಿಯಲ್ ಸಂಸ್ಥೆ ನೆಲೆಗೊಂಡಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟಕ್ಕೂ ಬೆಂಗಳೂರಿಗೂ ಬಂದಿದ್ದ ಗಾಂಧೀಜಿಯವರು ಅಲ್ಲಿಗೆ ಹೋಗಿ ಹಸುವಿನ ಪಾಲನೆಯ ಪಾಠವನ್ನು ಕೇಳಿದರು. ಗೋರಕ್ಷಣೆಯ ವಿಷಯವಾಗಿ ಅಷ್ಟು ಮಾತನಾಡಿದ್ದವರು ಐವತ್ತೇಳು ವರ್ಷ ವಯಸ್ಸಿನಲ್ಲಿ ಅದನ್ನು ವಿದ್ಯಾರ್ಥಿಯಂತೆ ಕಲಿಯಲು ಕುಳಿತರೆಂಬುದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಮೈಸೂರು ಸೀಮೆಯ ರೈತನು ಭತ್ತದ ಹುಲ್ಲಿಗಿಂತ ರಾಗಿಯ ಹುಲ್ಲನ್ನು ಮೇಲೆಂದು ಎಣಿಸಿ ಬಣವೆ ಒಟ್ಟುತ್ತಿದ್ದನಷ್ಟೆ. ಭತ್ತದ ಹುಲ್ಲಿನಲ್ಲಿ ಮರಳಿನ ಅಂಶ ಹೆಚ್ಚು, ಅದರಲ್ಲಿರುವ ಆಕ್ಸಲೇಟ್ ಎಂಬ ದ್ರವ್ಯ ಸುಣ್ಣವನ್ನು ಹಿಡಿದುಕೊಂಡು ದೇಹಕ್ಕೆ ಹತ್ತಗೊಡದು ಎಂಬ ಕಾರಣವನ್ನು ಪ್ರಯೋಗಶಾಲೆ ಒದಗಿಸಿತು. 1955ರಲ್ಲಿ ಆ ಸಂಸ್ಥೆಯ ಪ್ರಧಾನ ಭಾಗ ಕರ್ನಾಲಿಗೆ ಹೋಯಿತು. 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ತೆರೆಯಿತು. 1995ರಲ್ಲಿ ಅದೇ ಆಡುಗೋಡಿಯಲ್ಲಿ ಪಶುಗಳ ಪೋಷಣೆ ಮತ್ತು ಶರೀರಕ್ರಿಯೆಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಯಾವ ಸೀಮೆಯ ಮಣ್ಣಿನಲ್ಲಿ ಯಾವ ಖನಿಜ ಕಡಮೆಯೋ ಅದನ್ನು ನೋಡಿ ಆಯಾ ಸೀಮೆಯ ದನಕ್ಕೆ ಬೇರೆಬೇರೆ ಖನಿಜದ ಪುಡಿಯನ್ನು ಗೊತ್ತುಮಾಡುವುದು ಅವರ ಕೆಲಸಗಳಲ್ಲಿ ಒಂದು. ಕಾವಲುಗಳನ್ನು ಋತುವಿನಂತೆ ವಿಂಗಡಿಸಿದ ಅಮೃತಮಹಲಿನ ಗೊಲ್ಲರಿಗೆ ಈ ಮಾತು ಅಪರಿಚಿತವಾಗಿ ತೋರುತ್ತಿರಲಿಲ್ಲ.

ಇಷ್ಟೆಲ್ಲ ವಿದ್ಯೆ ಪಟ್ಟಣದ ಹಜಾರದೊಳಗೆ ಎಷ್ಟು ಬಂದಿದೆ? ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಒಂದು ಮದುವೆ ನಡೆಯಿತು. ಮರುದಿನ ಬೆಳಗ್ಗೆ ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು ದೊಡ್ಡ ಕೊಳಗದಲ್ಲಿ ತುಂಬಿ, ಪಕ್ಕದ ಮನೆಯ ಹಸುವಿನ ಮುಂದೆ ಇಟ್ಟರು. ಗೋವಿಗೆ ಕೊಟ್ಟದ್ದು ವ್ಯರ್ಥವಾಗದೆಂದು ಮನೆಯ ಹಿರಿಯರೇ ನಿಂತು ತಿನ್ನಿಸಿದರು. ನಾನೂ ಹೋಳಿಗೆಯೆರಡನ್ನು ಹಾಕಿದೆನು. ಮರುದಿನ ಹಸು ಮೆಲುಕನ್ನು ನಿಲ್ಲಿಸಿತು, ಹೊಟ್ಟೆ ಉಬ್ಬಿತು, ಹಲ್ಲು ಕಡಿಯುತ್ತ ನಿಂತಿತು, ಸಂಜೆಗೆ ಮಲಗಿತು. ದೃಷ್ಟಿ ತಾಗಿದೆಯೆಂದು ಒಬ್ಬರು, ವಿಷ ಹಾಕಿದರೆಂದು ಇನ್ನೊಬ್ಬರು ಹೇಳಿದರು. ಪಶುವೈದ್ಯರು ಬಂದು ಮದ್ದಿನ ಪೆಟ್ಟಿಗೆಯನ್ನು ತೆರೆಯುವ ಮೊದಲೇ ನಿನ್ನೆ ಏನು ತಿಂದಿತೆಂದು ಕೇಳಿದರು. ಉತ್ತರವನ್ನು ಕೇಳಿ, ಒಳಗಿನ ಜೀವಿಗಳಿಗೆ ಪಿಷ್ಟ ಸಕ್ಕರೆಗಳು ಒಮ್ಮೆಗೇ ಸಿಕ್ಕಿ ಹಂಡೆಯೆಲ್ಲ ಹುಳಿಯಾಗಿದೆ, ಆ ಹುಳಿ ರಕ್ತಕ್ಕೆ ಏರಿದರೆ ಉಳಿಯುವುದು ಕಷ್ಟ ಎಂದರು. ಅಡುಗೆಯ ಸೋಡವನ್ನು ನೀರಿನಲ್ಲಿ ಕದಡಿ ಕೊಳವೆಯಿಂದ ಹೊಟ್ಟೆಗೆ ಬಿಟ್ಟರು, ಸೂಜಿಯಿಂದ ರಕ್ತನಾಳಕ್ಕೂ ಏನನ್ನೋ ಏರಿಸಿದರು, ರಾತ್ರಿಯೆಲ್ಲ ಕಾದರು.

ಹಸು ಉಳಿಯಿತು. ಮೂರು ವಾರಗಳ ಮೇಲೆ ಅದರ ಗೊರಸುಗಳು ನೊಂದು ಕುಂಟತೊಡಗಿದಾಗ ಅದೂ ಅದೇ ಕೊಳಗದ ಫಲವೆಂದು ವೈದ್ಯರು ಹೇಳಿದರು. ಹಾಲು ಮೊದಲಿನಷ್ಟು ಮತ್ತೆ ಬರಲಿಲ್ಲ. ಆ ಮನೆಯ ಅಜ್ಜಿ ಈಗ ಗೋಗ್ರಾಸವನ್ನು ಬಿಟ್ಟಿಲ್ಲ. ಒಂದು ಹಿಡಿ ಅನ್ನವನ್ನು ಇಟ್ಟು, ಅದರ ಮೇಲೆ ಗರಿಕೆಯ ಕಟ್ಟನ್ನು ಹಾಕುತ್ತಾರೆ.